ಮಳೆಗಾಲ ಬಂತು, ಅಮ್ಮನಿಗೆ ಉಬ್ಬಸ, ಮನೆಯವರಿಗೆಲ್ಲ ಸ್ಟೀರಾಯ್ಡ್ ಭಯ: ತಿಳಿದವರು ಹೇಳಿ

ಸಾಗರದ ತೋಟಿಗ

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರದ ಹಳ್ಳಿ. ಅಮ್ಮನಿಗೆ ವಯಸ್ಸು 62, ಉಬ್ಬಸ ಇದೆ. ಮಳೆ ಹಿಡಿದರೆ ಜೋರಾಗುತ್ತೆ, ಚಾಲಿ ಅಡಿಕೆ ಸುಲಿಯೋ ಧೂಳಿಗೆ ಇನ್ನೂ ಜೋರು. ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ ತೋರಿಸಿದ್ವಿ. ಊದಿಸಿ ಪರೀಕ್ಷೆ ಮಾಡಿ ಅಸ್ತಮಾ ಅಂದ್ರು. ಬ್ಯುಡೆಸೊನೈಡ್ ಅನ್ನೋ ಸ್ಟೀರಾಯ್ಡ್, ಶ್ವಾಸನಾಳ ಸಡಿಲಿಸೋ ಫಾರ್ಮೊಟೆರಾಲ್ ಎರಡೂ ಇರೋ ರೋಟಾಕ್ಯಾಪ್ (ಇನ್‌ಹೇಲರಿನಲ್ಲಿಟ್ಟು ಎಳೆಯೋ ಪುಡಿ ಕ್ಯಾಪ್ಸೂಲ್) ಬರೆದುಕೊಟ್ರು, ದಿನಾ ಎರಡು ಹೊತ್ತು ಎಳೆಯಬೇಕು.

ಮನೆಗೆ ಬಂದು ಹೇಳಿದ್ದೇ ತಡ, ದೊಡ್ಡಪ್ಪ, ಅತ್ತೆ, ಪಕ್ಕದ ಮನೆಯವರು ಎಲ್ಲ ಸೇರಿ "ಅದರಲ್ಲಿ ಸ್ಟೀರಾಯ್ಡ್ ಇರುತ್ತೆ, ಒಂದ್ಸಲ ಹಿಡಿದರೆ ಬಿಡಕ್ಕಾಗಲ್ಲ, ಮೂಳೆ ಪುಡಿಯಾಗುತ್ತೆ" ಅಂತ ಹೆದರಿಸಿಬಿಟ್ರು. ಅಮ್ಮ ಈಗ ಅದನ್ನ ಮುಟ್ಟೋದಿಲ್ಲ. ಅದರ ಬದಲು ಮಂಡಿನೋವಿಗೆ ಅಂತ ಒಬ್ಬರು ಕಾಗದದಲ್ಲಿ ಕಟ್ಟಿಕೊಡೋ ಮಾತ್ರೆ ನುಂಗ್ತಾರೆ. ಮಂಡಿನೋವೂ ಕಡಿಮೆ, ದಮ್ಮೂ ಕಡಿಮೆ, ಊಟವೂ ಚೆನ್ನಾಗಿ ಸೇರುತ್ತೆ, ಇದೇ ಒಳ್ಳೇದು ಅಂತಾರೆ. ಶುರು ಮಾಡಿ ವರ್ಷದ ಮೇಲಾಯ್ತು. ಇನ್‌ಹೇಲರ್ ನಿಜವಾಗಿಯೂ ಅಷ್ಟು ಅಪಾಯವಾ? ಯಾರಿಗಾದ್ರೂ ಅನುಭವ ಇದ್ರೆ ದಯವಿಟ್ಟು ತಿಳಿಸಿ.

ತೀರ್ಥಹಳ್ಳಿ ಮೆಡಿಕಲ್

ಇನ್‌ಹೇಲರ್ ವಿಷಯ ಆಮೇಲೆ ಮಾತಾಡೋಣ. ಆ ಪೊಟ್ಟಣದಲ್ಲಿ ಏನೇನಿದೆ ಅಂತ ಮೊದಲು ಹೇಳಿ. ಎಷ್ಟು ಮಾತ್ರೆ, ಯಾವ ಬಣ್ಣ?

ಸಾಗರದ ತೋಟಿಗ

ಒಂದು ಪೊಟ್ಟಣದಲ್ಲಿ ನಾಲ್ಕು ಇರುತ್ತೆ. ಒಂದು ತೀರಾ ಪುಟ್ಟ ಬಿಳಿ ಮಾತ್ರೆ, ಒಂದು ಹಳದಿ, ಒಂದು ಗುಲಾಬಿ, ಒಂದು ಕ್ಯಾಪ್ಸೂಲ್. ಬೆಳಗ್ಗೆ ಒಂದು ಪೊಟ್ಟಣ, ರಾತ್ರಿ ಒಂದು. ಪಟ್ಟಿಯಿಂದ ಬಿಡಿಸಿಯೇ ಕೊಡ್ತಾರೆ, ಹೆಸರು ಎಲ್ಲೂ ಇಲ್ಲ.

ತೀರ್ಥಹಳ್ಳಿ ಮೆಡಿಕಲ್

ಬಣ್ಣ ನೋಡಿ ಇದೇ ಮಾತ್ರೆ ಅಂತ ಯಾರೂ ಆಣೆ ಮಾಡಕ್ಕಾಗಲ್ಲ. ಆದ್ರೆ ನಾನು ಕೌಂಟರಿನ ಈ ಕಡೆ ನಿಂತು ಇಂಥ ಪೊಟ್ಟಣ ಬೇಕಾದಷ್ಟು ನೋಡಿದ್ದೀನಿ. ಸಾಧಾರಣವಾಗಿ ಒಂದು ನೋವಿನ ಮಾತ್ರೆ, ಒಂದು ಗ್ಯಾಸಿಂದು, ಒಂದು ಬಿ ಕಾಂಪ್ಲೆಕ್ಸು, ಜೊತೆಗೆ ಆ ಪುಟ್ಟದ್ದು. ಮಂಡಿನೋವು, ದಮ್ಮು, ಮೈ ಕಡಿತ ಮೂರಕ್ಕೂ ಒಂದೇ ಪೊಟ್ಟಣ ಹಿಡಿಸಿ, ಮೇಲಿಂದ ಹಸಿವೂ ಹೆಚ್ಚಾಯ್ತು ಅಂದ್ರೆ ಆ ಪುಟ್ಟ ಮಾತ್ರೆ ಡೆಕ್ಸಾಮೆಥಾಸೋನೋ ಬೀಟಾಮೆಥಾಸೋನೋ ಆಗಿರೋ ಸಾಧ್ಯತೆ ಬಹಳ. ಎರಡೂ ಸ್ಟೀರಾಯ್ಡೇ, ಅದೂ ಜೋರಿನ ಜಾತಿಯವು.

ಲೆಕ್ಕ ಹೇಳ್ತೀನಿ ಕೇಳಿ. ಡೆಕ್ಸಾಮೆಥಾಸೋನ್ 0.75 ಮಿಲಿಗ್ರಾಂ ಅಂದ್ರೆ, ಡಾಕ್ಟರು ಸಾಮಾನ್ಯವಾಗಿ ಬರೆಯೋ ಸ್ಟೀರಾಯ್ಡ್ ಮಾತ್ರೆ ಪ್ರೆಡ್ನಿಸೊಲೋನ್ 5 ಮಿಲಿಗ್ರಾಂಗೆ ಸಮ. ಆ ಪುಟ್ಟ ಮಾತ್ರೆ 0.5 ಮಿಲಿಗ್ರಾಂದು ಅಂತಿಟ್ಕೊಂಡ್ರೂ ದಿನಕ್ಕೆ ಎರಡು ಅಂದ್ರೆ ಸುಮಾರು 6-7 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಆಯ್ತು. ವರ್ಷವಿಡೀ, ಯಾರ ಪರೀಕ್ಷೆಯೂ ಇಲ್ಲದೆ. ಇನ್‌ಹೇಲರಿನ ಸ್ಟೀರಾಯ್ಡಿಗೆ ಹೆದರಿ ಈ ಸ್ಟೀರಾಯ್ಡ್ ನುಂಗ್ತಾ ಇರೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ ಮಾರಾಯ್ರೆ.

ಇವೆಲ್ಲ ಡಾಕ್ಟರ ಚೀಟಿ ಇಲ್ದೆ ಕೊಡಬಾರದ ಷೆಡ್ಯೂಲ್ ಎಚ್ ಔಷಧಿ. ಹೆಸರಿರೋ ಪಟ್ಟಿ ಕೊಡದೆ ಬಿಡಿಸಿ ಕೊಡೋರ ಹತ್ರ ಯಾವ ಮಾತ್ರೆಯನ್ನೂ ತಗೋಬೇಡಿ.

ಸಾಗರದ ತೋಟಿಗ

ಓದಿ ಕೈಕಾಲು ತಣ್ಣಗಾಯ್ತು. ಅಮ್ಮನ ಮುಖ ದುಂಡಗಾಗಿದೆ, ಮೈ ಹಿಡಿದಿದೆ ಅಂತ ನಾವೆಲ್ಲ ಸಂತೋಷಪಡ್ತಿದ್ವಿ. ಕೈಗೆ ಎಲ್ಲಿ ಸ್ವಲ್ಪ ತಾಗಿದ್ರೂ ನೀಲಿಗಟ್ಟುತ್ತೆ. ಉಳಿದ ಪೊಟ್ಟಣ ಎಲ್ಲ ಈಗಲೇ ಬಚ್ಚಲ ಒಲೆಗೆ ಹಾಕ್ತೀನಿ, ನಾಳೆಯಿಂದ ಬಂದ್.

ಶಿವಮೊಗ್ಗ ಡಾಕ್ಟರಮ್ಮ

ತಡೀರಿ. ಒಲೆಗೆ ಹಾಕಬೇಡಿ, ನಾಳೆಯಿಂದ ನಿಲ್ಲಿಸಲೂ ಬೇಡಿ. ನಾನು ಇಲ್ಲಿ ಜನರಲ್ ಮೆಡಿಸಿನ್ ನೋಡುವವಳು, ಮಳೆಗಾಲದಲ್ಲಿ ನನ್ನ ಓಪಿಡಿಯ ಮುಕ್ಕಾಲು ಪಾಲು ದಮ್ಮಿನದೇ. ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮ ಎರಡೂ ಮೂತ್ರಪಿಂಡಗಳ ತಲೆಯ ಮೇಲೆ ಅಡ್ರಿನಲ್ ಎಂಬ ಪುಟ್ಟ ಗ್ರಂಥಿಗಳಿವೆ. ಅವು ದಿನಾ ಕಾರ್ಟಿಸಾಲ್ ಎಂಬ ಹಾರ್ಮೋನನ್ನು, ಅಂದರೆ ಮೈಯದೇ ಸ್ಟೀರಾಯ್ಡನ್ನು ತಯಾರಿಸುತ್ತವೆ, ಸುಮಾರು 5 ಮಿಲಿಗ್ರಾಂ ಪ್ರೆಡ್ನಿಸೊಲೋನ್‌ಗೆ ಸಮನಾದಷ್ಟು. ರಕ್ತದೊತ್ತಡ, ರಕ್ತದ ಸಕ್ಕರೆ, ಜ್ವರ ಬಂದಾಗ ಮೈ ತಾಳಿಕೊಳ್ಳುವ ಶಕ್ತಿ ಎಲ್ಲವೂ ಅದರ ಮೇಲೆ ನಿಂತಿವೆ. ಹೊರಗಿನಿಂದ ವಾರಗಟ್ಟಲೆ ಸ್ಟೀರಾಯ್ಡ್ ಬರುತ್ತಿದ್ದರೆ ಮಿದುಳಿನಿಂದ ಗ್ರಂಥಿಗೆ ಹೋಗುವ ಸೂಚನೆಯೇ ನಿಂತುಬಿಡುತ್ತದೆ. ಮನೆಗೆ ನಲ್ಲಿ ಬಂದ ಮೇಲೆ ಬಾವಿ ಸೇದುವುದನ್ನು ಬಿಟ್ಟು, ರಾಟೆ ತುಕ್ಕು ಹಿಡಿದ ಹಾಗೆ. ಆ ಹೊತ್ತಿಗೆ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಮೈಯಲ್ಲಿ ಕಾರ್ಟಿಸಾಲ್ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ವಿಪರೀತ ಸುಸ್ತು, ವಾಂತಿ, ಹೊಟ್ಟೆನೋವು, ಎದ್ದು ನಿಂತರೆ ತಲೆಸುತ್ತು, ಕೊನೆಗೆ ಬಿಪಿ ಕುಸಿದು ಪ್ರಜ್ಞೆ ತಪ್ಪುವುದು. ಇದು ಜೀವಕ್ಕೇ ಕುತ್ತು.

ಆದ್ದರಿಂದ ಹೀಗೆ ಮಾಡಿ. ಉಳಿದ ಪೊಟ್ಟಣಗಳನ್ನು ಹಾಗೆಯೇ ಒಂದು ಡಬ್ಬಿಯಲ್ಲಿ ಹಾಕಿ ಅಮ್ಮನ ಜೊತೆ ಒಬ್ಬ ಫಿಜಿಷಿಯನ್ ಬಳಿ ತೆಗೆದುಕೊಂಡು ಹೋಗಿ. ಆದಷ್ಟು ಬೇಗ ಹೋಗಿ, ಅಲ್ಲಿಯವರೆಗೆ ನಡೆಯುತ್ತಿರುವುದು ನಡೆಯಲಿ. ಅವರು ಸಾಮಾನ್ಯವಾಗಿ ಪೊಟ್ಟಣದ ಮಾತ್ರೆಯಿಂದ, ಹೆಸರು, ಪ್ರಮಾಣ ಗೊತ್ತಿರುವ ಪ್ರೆಡ್ನಿಸೊಲೋನ್ ಅಥವಾ ಹೈಡ್ರೊಕಾರ್ಟಿಸೋನ್‌ಗೆ ಬದಲಾಯಿಸಿ, ಮೆಲ್ಲಗೆ ಇಳಿಸುತ್ತಾ ಬರುತ್ತಾರೆ. ಬೆಳಗಿನ ಹೊತ್ತು ರಕ್ತದ ಕಾರ್ಟಿಸಾಲ್ ನೋಡಿ ಗ್ರಂಥಿ ಎದ್ದಿದೆಯೋ ಇಲ್ಲವೋ ತೀರ್ಮಾನಿಸುತ್ತಾರೆ. ತಿಂಗಳುಗಳು ಹಿಡಿಯಬಹುದು. ಅವಸರ ಬೇಡ. ಶುಗರ್, ಬಿಪಿ, ಕಣ್ಣು, ಮೂಳೆಯ ಸಾಂದ್ರತೆ ಇವನ್ನೂ ನೋಡಿಸಿ.

ಈ ಮಧ್ಯೆ ಅಮ್ಮನಿಗೆ ಜ್ವರ ಬಂದರೆ, ಬಿದ್ದು ಏಟಾದರೆ, ವಾಂತಿ ಹಿಡಿದು ಮಾತ್ರೆ ನಿಲ್ಲದಿದ್ದರೆ ಮನೆಯಲ್ಲಿ ಕಾಯಬೇಡಿ. ಹತ್ತಿರದ ಆಸ್ಪತ್ರೆಗೆ ಓಡಿ, "ವರ್ಷದಿಂದ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದಾರೆ" ಎಂಬ ಮಾತನ್ನೇ ಮೊದಲು ಹೇಳಿ. ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಬೇಕಾಗುತ್ತದೆ, ಅದನ್ನು ಅವರು ಕೊಡುವುದಕ್ಕೆ ಆ ಒಂದು ಮಾತು ಗೊತ್ತಿರಬೇಕು.

ಹೊಸನಗರದ ಅಕ್ಕ

ಡಾಕ್ಟ್ರೇ, ನೀವು ಬರೆದಿದ್ದನ್ನ ನಮ್ಮ ಮಹಿಳಾ ಸಂಘದ ಗುಂಪಿಗೆ ಕಳಿಸಿದ್ದೀನಿ.

ಭದ್ರಾವತಿ ರಿಟೈರ್ಡ್

ನನ್ನ ವಿಷಯ ಹೇಳ್ತೀನಿ. ಯಾರಿಗಾದ್ರೂ ಉಪಯೋಗಕ್ಕೆ ಬಂದರೆ ಬರಲಿ. ಕಾರ್ಖಾನೆ ಕೆಲಸದಲ್ಲಿದ್ದಾಗ ಮೈಮೇಲೆ ಗಂಧೆ ಏಳ್ತಿತ್ತು, ತುರಿಕೆ ತಡೆಯಕ್ಕಾಗ್ತಿರಲಿಲ್ಲ. ಒಬ್ಬರು ಕೊಟ್ಟ ಮಾತ್ರೆಗೆ ಅರ್ಧ ದಿನದಲ್ಲಿ ಮಾಯ. ಬಿಟ್ಟರೆ ಮತ್ತೆ ಬರೋದು, ಅವರು ಮತ್ತೆ ಕೊಡೋರು. ಅದು ಏನು ಮಾತ್ರೆ, ಎಷ್ಟು ದಿನ ತಗೋಬಹುದು ಅಂತ ಅವರು ಒಂದು ದಿನವೂ ಹೇಳಲಿಲ್ಲ. ಕೆಲವು ವರ್ಷ ಹೀಗೇ ನಡೀತು.

ಆಮೇಲೆ ತೊಡೆಸಂದಿಯಲ್ಲಿ ನೋವು ಶುರುವಾಯ್ತು. ಚಕ್ಕಳಮಕ್ಕಳ ಹಾಕಿ ಕೂರಕ್ಕಾಗಲ್ಲ, ಬಸ್ಸಿನ ಮೆಟ್ಟಿಲು ಹತ್ತಕ್ಕಾಗಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಎಂಆರ್‌ಐ ಮಾಡಿಸಿದ ಮೇಲೆ ಗೊತ್ತಾಯ್ತು, ತೊಡೆಮೂಳೆಯ ತಲೆಭಾಗಕ್ಕೆ ರಕ್ತ ಹೋಗದೆ ಅದು ಸಾಯ್ತಾ ಇದೆ ಅಂತ. ಸ್ಟೀರಾಯ್ಡ್ ಅದಕ್ಕೆ ದೊಡ್ಡ ಕಾರಣ, ಕುಡಿತ ಇನ್ನೊಂದು. ನನಗೆ ಕುಡಿತದ ಅಭ್ಯಾಸವೇ ಇಲ್ಲ. ಈಗ ಒಂದು ಕಡೆ ಕೀಲು ಬದಲಾಯಿಸಿದ್ದಾರೆ.

ನನ್ನ ಕೋಪ ಔಷಧಿ ಮೇಲಲ್ಲ. ನನ್ನಿಂದ ಅದರ ಹೆಸರು ಮುಚ್ಚಿಟ್ಟಿದ್ದಕ್ಕೆ. ನಾನು ಏನು ನುಂಗ್ತಿದ್ದೀನಿ ಅನ್ನೋದು ನನಗೆ ಗೊತ್ತಿರಬೇಕಿತ್ತು.

ಆಗುಂಬೆ ಮಳೆ

ತೋಟಿಗ ಅವರೇ, ನಿಮ್ಮ ಮೊದಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡ್ತೀನಿ. ನನಗೆ ಹೈಸ್ಕೂಲಿನಿಂದ ಅಸ್ತಮಾ. ನಮ್ಮೂರ ಮಳೆ ಎಂಥದ್ದು ಅಂತ ಎಲ್ಲರಿಗೂ ಗೊತ್ತು. ಜೂನ್ ಬಂತೆಂದರೆ ಗೋಡೆಗೆ ಬೂಷ್ಟು, ಹಾಸಿಗೆಗೆ ಬೂಷ್ಟು, ಬಟ್ಟೆ ಒಣಗೋದೇ ಇಲ್ಲ. ಚಿಕ್ಕವನಿದ್ದಾಗ ರಾತ್ರಿಯೆಲ್ಲ ಎದ್ದು ಕೂತು, ಮುಂದಕ್ಕೆ ಬಾಗಿ, ಮಂಡಿ ಮೇಲೆ ಕೈ ಊರಿ ಉಸಿರು ಎಳೀತಿದ್ದೆ. ಸ್ಟೀರಾಯ್ಡ್ ಇರೋ ಇನ್‌ಹೇಲರ್ ದಿನಾ ತಗೊಳ್ಳೋಕೆ ಶುರು ಮಾಡಿದ ಮೇಲೆ ಮಳೆಗಾಲದಲ್ಲೂ ಗುಡ್ಡ ಹತ್ತುತ್ತೀನಿ.

ನಮ್ಮ ಕಡೆ ಮಳೆಗಾಲಕ್ಕೆ ಮಾತ್ರ ಅನ್ವಯಿಸೋ ಒಂದೆರಡು ಮಾತು ಹೇಳಬೇಕು, ಇದನ್ನ ಚೀಟಿಯಲ್ಲಿ ಬರೆದುಕೊಡಲ್ಲ. ರೋಟಾಕ್ಯಾಪ್ ಒಳಗಿರೋದು ನುಣ್ಣಗಿನ ಪುಡಿ. ನಮ್ಮ ಥಂಡಿಗೆ ಅದು ತೇವ ಹಿಡಿದು ಅಂಟಿಕೊಳ್ಳುತ್ತೆ, ಎಳೆದರೆ ಕ್ಯಾಪ್ಸೂಲಿನ ಗೋಡೆಗೇ ಉಳಿದುಬಿಡುತ್ತೆ, ಎದೆಗೆ ಹೋಗೋದೇ ಇಲ್ಲ. ಬಾಟಲಿ ಮುಚ್ಚಳ ಗಟ್ಟಿಯಾಗಿ ಮುಚ್ಚಿ, ಅಡುಗೆಮನೆ, ಬಚ್ಚಲಮನೆ ಹಬೆಯಿಂದ ದೂರ ಇಡಿ. ಒಂದೊಂದೇ ಕ್ಯಾಪ್ಸೂಲ್ ಆಗಿಂದಾಗ ತೆಗೀರಿ, ವಾರಕ್ಕಾಗುವಷ್ಟು ಬಿಚ್ಚಿ ಡಬ್ಬಿಗೆ ಹಾಕಿಡಬೇಡಿ. ರೋಟಾಹೇಲರ್ (ಕ್ಯಾಪ್ಸೂಲ್ ಇಟ್ಟು ಎಳೆಯೋ ಸಾಧನ) ತೊಳೆದರೆ ಪೂರ್ತಿ ಒಣಗೋವರೆಗೂ ಮುಟ್ಟಬೇಡಿ. ಮಳೆಗಾಲದಲ್ಲಿ ಅದಕ್ಕೆ ಒಂದು ದಿನವೇ ಬೇಕು, ಹಾಗಾಗಿ ಎರಡು ಇಟ್ಕೊಂಡಿರೋದು ಅನುಕೂಲ. ಮತ್ತೆ ಉಸಿರನ್ನ ಮೊದಲು ಹೊರಗೆ ಬಿಡುವಾಗ ಬಾಯಿ ಆ ಸಾಧನದಿಂದ ಆಚೆ ಇರಲಿ. ನಮ್ಮ ಉಸಿರಿನ ತೇವವೇ ಪುಡಿ ಕೆಡಿಸುತ್ತೆ.

ಎಳೆದ ಮೇಲೆ ಹತ್ತು ಎಣಿಸುವಷ್ಟು ಉಸಿರು ಹಿಡೀರಿ. ಆಮೇಲೆ ಬಾಯಿ ಮುಕ್ಕಳಿಸಿ ಉಗೀರಿ, ನುಂಗಬೇಡಿ. ಮುಕ್ಕಳಿಸದಿದ್ರೆ ನಾಲಿಗೆ ಮೇಲೆ ಬೆಳ್ಳಗೆ ಅಗ್ರ ಕಟ್ಟುತ್ತೆ, ಧ್ವನಿ ಒಡೆಯುತ್ತೆ.

ಕೊಪ್ಪದ ಕಾಫಿ

ಒಂದು ಸಂಶಯ. ಇನ್‌ಹೇಲರಲ್ಲೂ ಸ್ಟೀರಾಯ್ಡ್, ಮಾತ್ರೆಯಲ್ಲೂ ಸ್ಟೀರಾಯ್ಡ್. ಇನ್‌ಹೇಲರಿಗೆ ಇಲ್ಲದ ಹೆದರಿಕೆ ಮಾತ್ರೆಗೆ ಯಾಕೆ? ನನ್ನ ಮಗನಿಗೂ ಇನ್‌ಹೇಲರ್ ಬರೆದುಕೊಟ್ಟಿದ್ದಾರೆ, ಎತ್ತರ ಬೆಳೆಯಲ್ಲ ಅಂತ ಎಲ್ಲರೂ ಹೇಳ್ತಿದ್ದಾರೆ. ತಕ್ಷಣಕ್ಕೆ ದಮ್ಮು ಇಳಿಸೋ ಸಾಲ್ಬುಟಮಾಲ್ ಇನ್‌ಹೇಲರ್ ಒಂದೇ ಇಟ್ಟುಕೊಂಡು, ಬೇಕಾದಾಗ ಮಾತ್ರ ಹಾಕಿದ್ರೆ ಸಾಲದಾ?

ಶಿವಮೊಗ್ಗ ಡಾಕ್ಟರಮ್ಮ

ಒಳ್ಳೆಯ ಪ್ರಶ್ನೆ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಅಸ್ತಮಾದಲ್ಲಿ ಎರಡು ಕೆಲಸ ನಡೆಯುತ್ತವೆ. ಶ್ವಾಸನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಜೊತೆಗೆ ನಾಳದ ಒಳಪದರ ಉರಿಯೂತದಿಂದ ಬಾತುಕೊಂಡು ಕಫ ಸುರಿಸುತ್ತದೆ. ಸಾಲ್ಬುಟಮಾಲ್ ಸ್ನಾಯುವನ್ನು ಸಡಿಲಿಸುತ್ತದೆ, ಅಷ್ಟೇ. ಒಳಪದರದ ಊತಕ್ಕೆ ಅದು ಏನೂ ಮಾಡುವುದಿಲ್ಲ. ಬಾವು ಒಳಗೊಳಗೇ ಬೆಳೆಯುತ್ತಾ ಹೋಗಿ ಒಂದು ರಾತ್ರಿ ಸಾಲ್ಬುಟಮಾಲ್‌ಗೂ ಬಗ್ಗುವುದಿಲ್ಲ. ಇದಕ್ಕಾಗಿಯೇ ಅಸ್ತಮಾ ಚಿಕಿತ್ಸೆಯ ಜಾಗತಿಕ ಮಾರ್ಗಸೂಚಿ 2019ರಲ್ಲಿ ಬದಲಾಯಿತು. ದೊಡ್ಡವರಿಗೆ, ಹದಿಹರೆಯದವರಿಗೆ ಸಾಲ್ಬುಟಮಾಲ್ ಒಂದರಲ್ಲೇ ಕಾಲ ತಳ್ಳಬೇಡಿ, ಜೊತೆಗೆ ಎಳೆಯುವ ಸ್ಟೀರಾಯ್ಡ್ ಇರಲೇಬೇಕು ಎಂದು ಅದು ಹೇಳುತ್ತದೆ. ಚಿಕ್ಕ ಮಕ್ಕಳ ಲೆಕ್ಕ ವಯಸ್ಸಿನ ಪ್ರಕಾರ ಬೇರೆ, ಅದನ್ನು ನಿಮ್ಮ ಮಕ್ಕಳ ಡಾಕ್ಟರೇ ನಿರ್ಧರಿಸಲಿ.

ಪ್ರಮಾಣ ನೋಡಿ. ಇನ್‌ಹೇಲರ್‌ನಲ್ಲಿ ಬ್ಯುಡೆಸೊನೈಡ್ 200 ಮೈಕ್ರೋಗ್ರಾಂ ಇರುತ್ತದೆ ಎನ್ನಿ. ಎರಡು ಹೊತ್ತಿಗೆ 400 ಮೈಕ್ರೋಗ್ರಾಂ, ಅಂದರೆ 0.4 ಮಿಲಿಗ್ರಾಂ. ದಮ್ಮು ವಿಪರೀತವಾದಾಗ ನಾವು ಕೊಡುವ ಪ್ರೆಡ್ನಿಸೊಲೋನ್ ಮಾತ್ರೆ ದಿನಕ್ಕೆ 40 ಮಿಲಿಗ್ರಾಂ. ಎರಡು ಔಷಧಿಗಳ ಶಕ್ತಿ ಬೇರೆಯಾದ್ದರಿಂದ ತೂಕವನ್ನು ನೇರವಾಗಿ ಹೋಲಿಸುವಂತಿಲ್ಲ, ನಿಜ. ಆದರೆ ಎಳೆದದ್ದು ನೇರವಾಗಿ ಬೇಕಾದ ಜಾಗದಲ್ಲೇ ಕೂರುತ್ತದೆ. ಗಂಟಲಿಗೆ ಅಂಟಿ ಹೊಟ್ಟೆಗೆ ಇಳಿದ ಬ್ಯುಡೆಸೊನೈಡ್‌ನ ಸುಮಾರು 90 ಶೇಕಡಾ ಭಾಗವನ್ನು ಯಕೃತ್ತು ಮೊದಲ ಸುತ್ತಿನಲ್ಲೇ ಒಡೆದುಹಾಕುತ್ತದೆ. ಮೈಗೆಲ್ಲ ಹರಡುವುದು ಬಹಳ ಕಡಿಮೆ.

ಎತ್ತರದ ವಿಷಯಕ್ಕೆ ಹೆದರಿಕೆಯೂ ಬೇಡ, ಸುಳ್ಳು ಸಮಾಧಾನವೂ ಬೇಡ. ಬ್ಯುಡೆಸೊನೈಡ್ ಎಳೆಯುತ್ತಿದ್ದ ಮಕ್ಕಳನ್ನು ದೊಡ್ಡವರಾಗುವವರೆಗೂ ಗಮನಿಸಿದ ಅಮೆರಿಕದ ಅಧ್ಯಯನದಲ್ಲಿ ಎತ್ತರ ಸರಾಸರಿ 1.2 ಸೆಂಟಿಮೀಟರ್ ಕಡಿಮೆಯಾಗಿತ್ತು. ಹಿಡಿತಕ್ಕೆ ಬಾರದ ಅಸ್ತಮಾ ಕೂಡ ಬೆಳವಣಿಗೆಯನ್ನು ಕುಗ್ಗಿಸುತ್ತದೆ, ಶಾಲೆ, ಆಟ, ನಿದ್ದೆಯನ್ನೂ ಕಿತ್ತುಕೊಳ್ಳುತ್ತದೆ. ಹಾಗಾಗಿ ಮಗುವಿಗೆ ಸಾಕಾಗುವ ಅತಿ ಕಡಿಮೆ ಪ್ರಮಾಣದಲ್ಲಿ ಇಟ್ಟು, ಆಗಾಗ ಎತ್ತರ ಅಳೆಯುತ್ತಾ ಹೋಗುತ್ತೇವೆ. ಒಂದು ಸೆಂಟಿಮೀಟರಿಗಾಗಿ ಮಗುವಿನ ಉಸಿರನ್ನು ಪಣಕ್ಕಿಡಬೇಡಿ ಎಂದು ನಾನು ಯಾವ ತಾಯಿಗಾದರೂ ಹೇಳುತ್ತೇನೆ.

ಸೊರಬ ಟೀಚರ್

ಚರ್ಮದ ಕಥೆಯೂ ಇದೇ. ನಮ್ಮ ಶಾಲೆಯಲ್ಲಿ ಮಳೆಗಾಲ ಮುಗಿಯೋ ಹೊತ್ತಿಗೆ ಕ್ಲಾಸಿಗೆ ನಾಲ್ಕೈದು ಮಕ್ಕಳಿಗಾದ್ರೂ ಹುಳುಕಡ್ಡಿ. ಒದ್ದೆ ಯೂನಿಫಾರ್ಮು, ಮನೆಮಂದಿಗೆಲ್ಲ ಒಂದೇ ಟವಲ್ಲು. ಅಂಗಡಿಯಲ್ಲಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಅಂತಾರೆ. ಆ ಟ್ಯೂಬಿನಲ್ಲಿ ಹುಳುಕಡ್ಡಿ ಔಷಧಿ, ಬ್ಯಾಕ್ಟೀರಿಯಾ ಔಷಧಿ, ಕ್ಲೋಬೆಟಸಾಲ್ ಅನ್ನೋ ಸ್ಟೀರಾಯ್ಡ್ ಎಲ್ಲ ಸೇರಿರುತ್ತೆ. ಎರಡು ದಿನಕ್ಕೆ ತುರಿಕೆ ನಿಲ್ಲುತ್ತೆ, ವಾಸಿಯಾಯ್ತು ಅಂದ್ಕೊಳ್ತಾರೆ. ತಿಂಗಳು ಕಳೆಯೋದರೊಳಗೆ ತೊಡೆಯಿಂದ ಸೊಂಟಕ್ಕೆ, ಸೊಂಟದಿಂದ ಬೆನ್ನಿಗೆ. ಮನೆಯವರಿಗೆಲ್ಲ. ಇನ್ನು ಹೆಣ್ಣುಮಕ್ಕಳು ಬೆಳ್ಳಗಾಗಲಿ ಅಂತ ಮುಖಕ್ಕೆ ಹಚ್ಚೋ ಕ್ರೀಮಿನ ಬಗ್ಗೆ ಏನು ಹೇಳೋದು! ನಮ್ಮ ಹತ್ತನೇ ಕ್ಲಾಸಿನ ಒಬ್ಬಳಿಗೆ ಕೆನ್ನೆ ಕೆಂಪಾಗಿ, ಸಣ್ಣ ಸಣ್ಣ ರಕ್ತನಾಳ ಕಾಣ್ತಾ ಇತ್ತು, ಬಿಸಿಲಿಗೆ ನಿಂತರೆ ಉರಿ. ಕ್ರೀಮ್ ಬಿಟ್ಟರೆ ಇನ್ನೂ ಕೆಂಪಾಗುತ್ತೆ ಅಂತ ಅಳ್ತಿದ್ದಳು.

ತೀರ್ಥಹಳ್ಳಿ ಮೆಡಿಕಲ್

ಟೀಚರ್ ಹೇಳಿದ್ದು ಅಕ್ಷರಶಃ ನಿಜ. 2018ರಲ್ಲಿ ಕೇಂದ್ರ ಸರ್ಕಾರ ಸ್ಟೀರಾಯ್ಡ್ ಕ್ರೀಮುಗಳನ್ನೂ ಚೀಟಿ ಇಲ್ಲದೆ ಮಾರಬಾರದು ಅಂತ ಬಿಗಿ ಮಾಡಿತು. ಆದ್ರೂ ಜನ ಹಳೇ ಟ್ಯೂಬಿನ ಡಬ್ಬಿ ತಂದು ತೋರಿಸಿ "ಇದೇ ಕೊಡಿ" ಅಂತಾರೆ. ಕೊಡಲ್ಲ ಅಂದ್ರೆ ಮುಂದಿನ ಅಂಗಡಿಗೆ ಹೋಗ್ತಾರೆ. ನನ್ನ ವೃತ್ತಿಯವರಿಗೂ ಕೈಮುಗಿದು ಹೇಳ್ತೀನಿ, ದಯವಿಟ್ಟು ಕೊಡಬೇಡಿ.

ಶಿವಮೊಗ್ಗ ಡಾಕ್ಟರಮ್ಮ

ಹುಳುಕಡ್ಡಿ ಎಂದರೆ ಶಿಲೀಂಧ್ರ. ಅದು ಮೈಮೇಲೆ ಕೂತಾಗ ನಮ್ಮ ರೋಗನಿರೋಧಕ ಶಕ್ತಿ ಅದರೊಡನೆ ಹೋರಾಡುತ್ತದೆ, ಕೆಂಪು ಬಳೆ, ತುರಿಕೆ ಎಲ್ಲ ಆ ಹೋರಾಟದ ಗುರುತು. ಸ್ಟೀರಾಯ್ಡ್ ಆ ಹೋರಾಟವನ್ನು ಅಡಗಿಸುತ್ತದೆ, ಶಿಲೀಂಧ್ರಕ್ಕೆ ದಾರಿ ಸಲೀಸಾಗುತ್ತದೆ. ಬಳೆಯ ಆಕಾರವೂ ಅಳಿಸಿಹೋಗಿ ಚರ್ಮದ ಡಾಕ್ಟರಿಗೇ ಗುರುತು ಹಿಡಿಯುವುದು ಕಷ್ಟವಾಗುತ್ತದೆ. ತೊಡೆಸಂದಿಯಲ್ಲಿ ಚರ್ಮ ತೆಳುವಾಗಿ ಬಿರಿದ ಗೆರೆಗಳು ಬಿದ್ದರೆ ಅವು ಪೂರ್ತಿ ಹೋಗುವುದಿಲ್ಲ.

ಇಸುಬಿಗೆ, ಸೋರಿಯಾಸಿಸ್‌ಗೆ ಅದೇ ಸ್ಟೀರಾಯ್ಡ್ ಮುಲಾಮು ಸರಿಯಾದ ಔಷಧಿ. ಎಷ್ಟು ಹಚ್ಚಬೇಕು ಎನ್ನುವುದಕ್ಕೆ ಒಂದು ಅಳತೆ ಇದೆ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಟ್ಯೂಬಿನಿಂದ ಒಂದು ಗೆರೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಕ್ಲೋಬೆಟಸಾಲ್ ಎಲ್ಲಕ್ಕಿಂತ ಜೋರಿನದು. ಮುಖಕ್ಕೆ, ಕಂಕುಳಿಗೆ, ತೊಡೆಸಂದಿಗೆ ನಿಮ್ಮಷ್ಟಕ್ಕೆ ನೀವೇ ಎಂದೂ ಹಚ್ಚಬೇಡಿ.

ಶಿಕಾರಿಪುರ ಹುಡುಗ

ಕಾಡಿನಲ್ಲಿ ಚೇರಿನ ಹಾಲು ತಾಗಿ ನಮ್ಮಣ್ಣನ ಮುಖ, ಕೈ ಎಲ್ಲಾ ಬಾತು ಬೊಬ್ಬೆ ಎದ್ದಿತ್ತು. ಡಾಕ್ಟರು ಪ್ರೆಡ್ನಿಸೊಲೋನ್ ಕೊಟ್ರು. ಮೂರು ದಿನಕ್ಕೆ ಕಡಿಮೆ ಆಯ್ತು ಅಂತ ಬಿಟ್ಟ, ಮತ್ತೆ ಬಂತು. ಇದು ಯಾಕೆ?

ಶಿವಮೊಗ್ಗ ಡಾಕ್ಟರಮ್ಮ

ಚೇರು, ಗೇರಿನ ಜಾತಿಯ ಮರಗಳ ರಸಕ್ಕೆ ಚರ್ಮ ತೋರುವ ಅಲರ್ಜಿ ಎರಡು ಮೂರು ವಾರ ಮೈಯಲ್ಲಿ ಉಳಿದಿರುತ್ತದೆ. ಔಷಧಿ ಮಾತ್ರ ಮೂರು ದಿನಕ್ಕೆ ನಿಂತರೆ ಅದು ಮತ್ತೆ ತಲೆ ಎತ್ತುತ್ತದೆ. ಅದಕ್ಕೇ ಅಲ್ಲಿ ಎರಡು ಮೂರು ವಾರ ಇಳಿಸುತ್ತಾ ಕೊಡುತ್ತೇವೆ. ಬರೆದಷ್ಟು ದಿನ ಪೂರ್ತಿ ತೆಗೆದುಕೊಳ್ಳಲು ಹೇಳಿ.

ಆಗುಂಬೆ ಮಳೆ

ಇದೇ ಹೊತ್ತಿಗೆ ಕೇಳಿಬಿಡ್ತೀನಿ. ಹೆಜ್ಜೇನು ಎದ್ದು ಕಚ್ಚಿದ್ರೆ ಎಲ್ಲರೂ ಡೆಕ್ಸಾ ಇಂಜೆಕ್ಷನ್ ಹಾಕಿಸ್ಕೊಂಡು ಮನೆಗೆ ಬರ್ತಾರೆ. ಅದು ಸಾಕಾ?

ಶಿವಮೊಗ್ಗ ಡಾಕ್ಟರಮ್ಮ

ಕಚ್ಚಿದ ಜಾಗ ಮಾತ್ರ ಊದಿದ್ದರೆ ಬೇರೆ ವಿಷಯ. ಮೈಯೆಲ್ಲ ಗಂಧೆ, ಧ್ವನಿ ಕಟ್ಟುವುದು, ಉಸಿರುಗಟ್ಟುವುದು, ವಾಂತಿ, ತಲೆ ಸುತ್ತಿ ಬೀಳುವುದು ಇದ್ದರೆ ಜೀವ ಉಳಿಸುವುದು ಅಡ್ರಿನಾಲಿನ್, ತೊಡೆಯ ಸ್ನಾಯುವಿಗೆ, ಅದೂ ತಕ್ಷಣ. ಸ್ಟೀರಾಯ್ಡ್ ಕೆಲಸ ಶುರು ಮಾಡುವುದಕ್ಕೇ ಗಂಟೆಗಳು ಬೇಕು. ಅಡ್ರಿನಾಲಿನ್ ಬಿಟ್ಟು ಡೆಕ್ಸಾ ಕೊಡುತ್ತಾ ಕೂತರೆ ಕಾಲ ಮಿಂಚಿಹೋಗುತ್ತದೆ. ಕೊಟ್ಟ ಮೇಲೂ ಕೆಲವು ಗಂಟೆ ಆಸ್ಪತ್ರೆಯಲ್ಲೇ ಇರಬೇಕು.

ಹೊಸನಗರದ ಅಕ್ಕ

ಇಲ್ಲಿಯವರೆಗೆ ಓದ್ತಾ ಬಂದವರಿಗೆ ಸ್ಟೀರಾಯ್ಡ್ ಅಂದ್ರೆ ಬರೀ ಕೆಡುಕು ಅನ್ನಿಸಬಾರದು, ಅದಕ್ಕೇ ಬರೀತಿದ್ದೀನಿ.

ನನ್ನ ಮಗನಿಗೆ ನೆಫ್ರೋಟಿಕ್ ಸಿಂಡ್ರೋಮ್. ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುತ್ತೆ. ಒಂದು ಬೆಳಗ್ಗೆ ಏಳುವಾಗ ಕಣ್ಣು ತೆರೆಯಲಾಗದಷ್ಟು ರೆಪ್ಪೆ ಬಾತಿತ್ತು, ಸಂಜೆಗೆ ಕಾಲು, ಹೊಟ್ಟೆ. ಶಿವಮೊಗ್ಗದಲ್ಲಿ ಮಕ್ಕಳ ಡಾಕ್ಟರು ಕೂರಿಸಿಕೊಂಡು ಎಲ್ಲ ತಿಳಿಸಿ ಹೇಳಿದ್ರು. ಆರು ವಾರ ದಿನಾ ಪ್ರೆಡ್ನಿಸೊಲೋನ್, ಪ್ರಮಾಣ ಮಗುವಿನ ತೂಕದ ಮೇಲೆ. ಆಮೇಲೆ ಆರು ವಾರ ದಿನ ಬಿಟ್ಟು ದಿನ, ಕಡಿಮೆ ಪ್ರಮಾಣ. ಬೆಳಗ್ಗೆ ತಿಂಡಿ ಆದ ಮೇಲೆ ಕೊಡಿ, ಮೈ ತಾನೇ ಕಾರ್ಟಿಸಾಲ್ ಹೆಚ್ಚಾಗಿ ಮಾಡೋದು ಬೆಳಗಿನ ಹೊತ್ತು, ರಾತ್ರಿ ಕೊಟ್ಟರೆ ನಿದ್ದೆ ಬರಲ್ಲ ಅಂದ್ರು.

ಅವತ್ತಿಂದ ನಮ್ಮ ಮನೆಯಲ್ಲಿ ಒಂದು ಉದ್ದ ನೋಟ್‌ಬುಕ್ ಇದೆ. ಬೆಳಗಿನ ಮೊದಲ ಮೂತ್ರದಲ್ಲಿ ಸ್ಟ್ರಿಪ್ ಅದ್ದಿ, ಬಾಟಲಿ ಮೇಲಿನ ಬಣ್ಣದ ಚೌಕದ ಪಕ್ಕ ಹಿಡಿದು ನೋಡ್ತೀನಿ. ಹಳದಿಯಾಗೇ ಇದ್ದರೆ ಪ್ರೋಟೀನ್ ಇಲ್ಲ. ಹಸಿರಿಗೆ ತಿರುಗಿದಷ್ಟೂ ಜಾಸ್ತಿ. ದಿನಾಂಕ, ಬಣ್ಣದ ಗುರುತು, ಮಾತ್ರೆ ಎಷ್ಟು, ತೂಕ ಎಷ್ಟು, ಕೆಮ್ಮು ಜ್ವರ ಇತ್ತಾ, ಎಲ್ಲ ಒಂದೇ ಸಾಲಿನಲ್ಲಿ. ಮೂರು ದಿನ ಸತತ ಮೂರು ಪ್ಲಸ್ ಬಂದರೆ ಡಾಕ್ಟರಿಗೆ ಫೋನ್. ಮೊದಲ ಸಲ ಹಸಿರು ಮೆಲ್ಲಮೆಲ್ಲಗೆ ಹಳದಿಯಾಗ್ತಾ ಬಂದಿದ್ದನ್ನ ನೋಡಿದವಳಿಗೆ ಈ ಔಷಧಿಯನ್ನ ವಿಷ ಅನ್ನೋಕೆ ಬಾಯಿ ಬರಲ್ಲ.

ಮುಖ ಊದಿಕೊಂಡಿತ್ತು, ನಿಜ. ವಿಪರೀತ ಹಸಿವು, ಸಿಟ್ಟು. ಶಾಲೆಯಲ್ಲಿ ಮಕ್ಕಳು ಅಡ್ಡಹೆಸರು ಇಟ್ಟರು. ಔಷಧಿ ಇಳಿದ ಮೇಲೆ ಮುಖವೂ ಇಳೀತು. ಡಾಕ್ಟರು ಪದೇ ಪದೇ ಹೇಳಿದ ಇನ್ನೆರಡು ಮಾತು: ಸೀತಾಳೆ ಸಿಡುಬು (ಚಿಕನ್‌ಪಾಕ್ಸ್, ಅಮ್ಮ) ಆದ ಮನೆಗೆ ಹೋಗಬೇಡಿ, ಸೋಂಕಿದವರ ಹತ್ತಿರ ಆಡಿದ್ದರೆ ಅವತ್ತೇ ತಿಳಿಸಿ. ಲಸಿಕೆ ಹಾಕಿಸುವ ಮುಂಚೆ ಈ ಮಾತ್ರೆ ವಿಷಯ ಹೇಳಿ, ಕೆಲವು ಲಸಿಕೆ ಮುಂದೂಡಬೇಕಾಗುತ್ತೆ.

ಅದೇ ಔಷಧಿ, ಅದೇ ಮುಖ ಊದೋದು. ನನಗೆ ಹೆಸರು, ಪ್ರಮಾಣ, ಎಷ್ಟು ದಿನ, ಏನು ನೋಡ್ಕೋಬೇಕು ಎಲ್ಲಾ ಹೇಳಿದ್ರು. ಭದ್ರಾವತಿ ಅಣ್ಣನಿಗೆ ಯಾರೂ ಏನೂ ಹೇಳಲಿಲ್ಲ. ನನ್ನ ಪ್ರಕಾರ ವ್ಯತ್ಯಾಸ ಪೂರ್ತಿ ಅಲ್ಲೇ ಇರೋದು.

ಭದ್ರಾವತಿ ರಿಟೈರ್ಡ್

ಅಕ್ಕ, ಮಗನಿಗೆ ಒಳ್ಳೇದಾಗಲಿ. ಆ ನೋಟ್‌ಬುಕ್ ಪುಟ ಹೇಗೆ ಗೆರೆ ಹಾಕಿದ್ದೀರಿ ಅಂತ ಒಂದು ಫೋಟೋ ಹಾಕಿ, ಹೆಸರು ಮುಚ್ಚಿ. ಬೇರೆಯವರಿಗೂ ಬೇಕಾಗುತ್ತೆ.

ಕೊಪ್ಪದ ಕಾಫಿ

ಈ ಔಷಧಿಯ ಚರಿತ್ರೆ ಬಹಳ ಸ್ವಾರಸ್ಯದ್ದು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಕೀಲುವಾತದಿಂದ ಮೇಲೇಳಲಾಗದ ಒಬ್ಬ ಯುವತಿಗೆ ಡಾಕ್ಟರ್ ಫಿಲಿಪ್ ಹೆಂಚ್ ಮೊದಲ ಬಾರಿ ಕಾರ್ಟಿಸೋನ್ ಅನ್ನೋ ಸ್ಟೀರಾಯ್ಡ್ ಕೊಟ್ಟರು. ಕೆಲವೇ ದಿನದಲ್ಲಿ ಆಕೆ ಎದ್ದು ನಡೆದಳು. 1950ರಲ್ಲಿ ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಮೂವರಿಗೂ ನೊಬೆಲ್. ಆದರೆ ಅಡ್ಡಪರಿಣಾಮ ಕಾಣಿಸಿಕೊಳ್ಳಲು ಹೆಚ್ಚು ಕಾಲ ಬೇಕಾಗಲಿಲ್ಲ.

ಮೊದಮೊದಲು ದನದ ಪಿತ್ತರಸದಿಂದ ಮೂವತ್ತಕ್ಕೂ ಹೆಚ್ಚು ಹಂತದಲ್ಲಿ ಕಷ್ಟಪಟ್ಟು ತಯಾರಿಸ್ತಿದ್ದರು. ಬೆಲೆ ಇಳಿದಿದ್ದು ಮೆಕ್ಸಿಕೋದ ಕಾಡುಗೆಣಸಿನಿಂದ. ನಮ್ಮ ಕಾಡಿನ ಬಳ್ಳಿಗೆಣಸೂ ಅದರ ದಾಯಾದಿಯೇ. ಆ ಗೆಣಸಿನ ಸಾರದಿಂದ ಮಾಡಿದ ವಸ್ತುವನ್ನ ಕಾರ್ಟಿಸೋನ್ ಕಡೆ ತಿರುಗಿಸಿದ್ದು ರೈಜೋಪಸ್ ಅನ್ನೋ ಬೂಷ್ಟು, 1952ರಲ್ಲಿ. 2021ರಲ್ಲಿ ಕೋವಿಡ್ ಎರಡನೇ ಅಲೆಯಲ್ಲಿ ನಮ್ಮವರ ಕಣ್ಣು ಕಿತ್ತ ಕಪ್ಪು ಶಿಲೀಂಧ್ರ ಇತ್ತಲ್ಲ, ಅದರಲ್ಲಿ ಮುಖ್ಯವಾದದ್ದೂ ರೈಜೋಪಸ್ಸೇ. ಶುಗರ್ ಹತೋಟಿಯಲ್ಲಿಲ್ಲದವರಿಗೆ ಬೇಕಾಬಿಟ್ಟಿ ಸ್ಟೀರಾಯ್ಡ್ ಸೇರಿದಾಗ ಅದು ಹೊಕ್ಕಿತು.

ಶಿವಮೊಗ್ಗ ಡಾಕ್ಟರಮ್ಮ

ಕೋವಿಡ್ ಮಾತು ಬಂದದ್ದರಿಂದ ಒಂದು ಸೇರಿಸುತ್ತೇನೆ. 2020ರ ಜೂನ್‌ನಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು ಡೆಕ್ಸಾಮೆಥಾಸೋನ್ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ ಕೊಟ್ಟಾಗ ವೆಂಟಿಲೇಟರ್‌ನಲ್ಲಿದ್ದವರ ಸಾವು ಮೂರನೇ ಒಂದರಷ್ಟು ತಗ್ಗಿತು ಎಂದು ತೋರಿಸಿತು. ಆಕ್ಸಿಜನ್ ಬೇಡದವರಿಗೆ ಪ್ರಯೋಜನ ಕಾಣಲಿಲ್ಲ. ಮನೆಯಲ್ಲಿ ಜ್ವರದ ಮೊದಲ ದಿನವೇ ನುಂಗಿದವರು ಎಷ್ಟೋ ಜನ. ಆ ವರ್ಷ ನಾನು ನೋಡಿದ್ದನ್ನು ಮರೆಯಲಾರೆ.

ನಮ್ಮ ಕಡೆಯವರಿಗೆ ಇನ್ನೊಂದು. ತೋಟದ ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳ ಪಾದದ ಚರ್ಮ ತೂರಿ ಒಳಗೆ ಸೇರಬಹುದು. ವರ್ಷಗಟ್ಟಲೆ ಸುಮ್ಮನಿರುವ ಅದು ಸ್ಟೀರಾಯ್ಡ್ ಸಿಕ್ಕಾಗ ಮೈಯೆಲ್ಲ ಹರಡಿ ಪ್ರಾಣಕ್ಕೆ ತರಬಹುದು. ಹಳೆಯ ಕ್ಷಯವೂ ಹಾಗೆಯೇ ಮರಳಬಹುದು. ದೀರ್ಘಕಾಲ ಸ್ಟೀರಾಯ್ಡ್ ಬರೆಯುವಾಗ ನೀವು ತೋಟದ ಕೆಲಸದವರು, ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿತ್ತು ಎಂದು ಡಾಕ್ಟರಿಗೆ ಹೇಳಿ.

ಸಾಗರದ ತೋಟಿಗ

ಎಲ್ಲರಿಗೂ ವಿಷಯ ತಿಳಿಸೋಣ ಅಂತ ಬಂದೆ. ಅಮ್ಮನನ್ನ ಪೊಟ್ಟಣ ಸಮೇತ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿದ್ದೆ. ಬೆಳಗಿನ ಕಾರ್ಟಿಸಾಲ್ ತೀರಾ ಕಡಿಮೆ ಬಂದಿದೆ. ಶುಗರ್ ಏರಿದೆ, ಒಂದು ಕಣ್ಣಿನಲ್ಲಿ ಪೊರೆ ಶುರುವಾಗಿದೆ. ಪೊಟ್ಟಣ ಪೂರ್ತಿ ಬಂದ್ ಮಾಡಿ ಪ್ರೆಡ್ನಿಸೊಲೋನ್ ಬರೆದಿದ್ದಾರೆ, ಹೇಗೆ ಇಳಿಸಬೇಕು ಅಂತ ವಾರವಾರದ ಪಟ್ಟಿ ಕೊಟ್ಟಿದ್ದಾರೆ. ಕ್ಯಾಲ್ಸಿಯಂ, ವಿಟಮಿನ್ ಡಿ ಇದೆ. ಮಂಡಿಗೆ ವ್ಯಾಯಾಮ ತೋರಿಸಿದ್ರು. "ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದೇನೆ, ಥಟ್ಟನೆ ನಿಲ್ಲಿಸಬಾರದು" ಅಂತ ಒಂದು ಕಾರ್ಡ್ ಬರೆದುಕೊಟ್ಟಿದ್ದಾರೆ, ಅದನ್ನ ಅಮ್ಮನ ಎಲೆಅಡಿಕೆ ಚೀಲದಲ್ಲಿ ಹಾಕಿದ್ದೀನಿ. ಅದೊಂದನ್ನ ಅವರು ಬಿಟ್ಟು ಎಲ್ಲೂ ಹೋಗಲ್ಲ.

ರೋಟಾಹೇಲರ್ ಎಳೆಯೋದನ್ನ ನರ್ಸಮ್ಮ ಎದುರು ಕೂತು ಮಾಡಿಸಿದ್ರು. ಅಮ್ಮ ಮೆಲ್ಲಗೆ ಎಳೀತಿದ್ರು, ಜೋರಾಗಿ ಉದ್ದಕ್ಕೆ ಎಳೀಬೇಕಂತೆ, ಒಳಗೆ ಕ್ಯಾಪ್ಸೂಲ್ ಗಿರಗಿರ ಅನ್ನಬೇಕಂತೆ. ದೊಡ್ಡಪ್ಪನಿಗೂ ಈ ಚರ್ಚೆ ಪೂರ್ತಿ ಓದಿ ಹೇಳಿದೆ.

ಒಂದು ಪ್ರಶ್ನೆ ಅಮ್ಮನದು. ಏಕಾದಶಿಗೆ ನಿರಾಹಾರ ಮಾಡೋ ಪದ್ಧತಿ. ಅವತ್ತೊಂದು ದಿನ ಪ್ರೆಡ್ನಿಸೊಲೋನ್ ಬಿಡಬಹುದಾ?

ಶಿವಮೊಗ್ಗ ಡಾಕ್ಟರಮ್ಮ

ಬಿಡಬಾರದು, ಒಂದು ದಿನವೂ. ಖಾಲಿ ಹೊಟ್ಟೆಯಲ್ಲಿ ನುಂಗುವುದೂ ಬೇಡ. ಗ್ರಂಥಿ ಎಚ್ಚರಗೊಳ್ಳುವವರೆಗೆ ನಿರಾಹಾರ ಬೇಡ ಎಂದು ಅಮ್ಮನಿಗೆ ನಾನು ಹೇಳಿದೆ ಎನ್ನಿ. ಅವಲಕ್ಕಿಯೋ ಹಾಲು ಹಣ್ಣೋ ತೆಗೆದುಕೊಂಡು ಬೆಳಗ್ಗೆಯೇ ಮಾತ್ರೆ ನುಂಗಲಿ. ಶುಗರ್ ಏರಿದೆ ಎಂದಿದ್ದೀರಿ, ಹಣ್ಣು ಮಿತಿಯಲ್ಲಿರಲಿ. ಇನ್‌ಹೇಲರ್ ಏಕಾದಶಿಗೂ ಎರಡು ಹೊತ್ತು.